ಸೀಟಿನ ಮುಂದಿನ ಸ್ಕ್ರೀನಿಂದ ಕಾಕ್‌ಪಿಟ್‌ಗೆ ದಾರಿ ಇದೆಯಾ?

ಪ್ರಶ್ನೆ:
ಮೊನ್ನೆ ರಾತ್ರಿ ವಿಮಾನದಲ್ಲಿ ನನ್ನ ಸೀಟಿನ ಸ್ಕ್ರೀನ್ ಹ್ಯಾಂಗ್ ಆಯಿತು. ರೀಸ್ಟಾರ್ಟ್ ಮಾಡಿದಾಗ ಕಪ್ಪು ಪರದೆಯ ಮೂಲೆಯಲ್ಲಿ ಪುಟ್ಟ ಪೆಂಗ್ವಿನ್, ಕೆಳಗೆ ಲಿನಕ್ಸ್ (ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಸಾಲುಗಳು ಸರಸರ ಓಡಿದವು. ಆಮೇಲೆ ಅದೇ ಸ್ಕ್ರೀನಿನಲ್ಲಿ ವಿಮಾನದ ಎತ್ತರ, ವೇಗ ತೋರಿಸುವ ಮ್ಯಾಪ್ ಬಂತು. ಆ ಅಂಕಿ ಕಾಕ್‌ಪಿಟ್ ಕಡೆಯಿಂದಲೇ ಬರಬೇಕು ಅಲ್ವಾ? ಹಾಗಿದ್ದರೆ ವೈಫೈ ಹಿಡಿದು ಕೂತ ಯಾರಾದರೂ ಅದೇ ದಾರಿಯಲ್ಲಿ ಒಳಗೆ ನುಗ್ಗಬಹುದಾ? ಸುಮ್ನೆ ಕೇಳುತ್ತಿಲ್ಲ, ನಿಜವಾಗಲೂ ಭಯವಾಯಿತು.

ಉತ್ತರ 1:
ನಾನು ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್, ರಿಪೇರಿ ಕೆಲಸದಲ್ಲಿದ್ದೇನೆ. ನಿಮ್ಮ ಊಹೆ ಸರಿ, ಅಂಕಿ ಅಲ್ಲಿಂದಲೇ ಬರುತ್ತದೆ. ಆದರೆ ಹೆಚ್ಚಿನ ವಿಮಾನಗಳಲ್ಲಿ ಅದು ಬರುವುದು ಆರಿಂಕ್ 429 ಎಂಬ ಜೋಡಿ ತಂತಿಯ ಮೇಲೆ. ಅದರಲ್ಲಿ ಮಾತಾಡುವ, ಅಂದರೆ ಮಾಹಿತಿ ಕಳಿಸುವ, ಎಲೆಕ್ಟ್ರಾನಿಕ್ ಪೆಟ್ಟಿಗೆ ಒಂದೇ, ಕೇಳಿಸಿಕೊಳ್ಳುವವು 20ರವರೆಗೆ ಇರಬಹುದು. ಕೇಳುವ ಪೆಟ್ಟಿಗೆಯಲ್ಲಿ ಆ ತಂತಿಗೆ ಕಳುಹಿಸುವ ಸರ್ಕ್ಯೂಟೇ ಇರುವುದಿಲ್ಲ. ಹಾಗಾಗಿ ಸ್ಕ್ರೀನ್ ಪೂರ್ತಿ ಹ್ಯಾಕ್ ಆದರೂ ಅದೇ ತಂತಿಯಲ್ಲಿ ವಾಪಸ್ ಒಂದಕ್ಷರ ಹೋಗುವುದಿಲ್ಲ.

ಉತ್ತರ 2:
ಹಳೆಯ ವಿಮಾನಗಳಿಗೆ ಇದು ಸರಿ. ಬೋಯಿಂಗ್ 787, ಏರ್‌ಬಸ್ ಎ380 ಬಂದ ಮೇಲೆ ಒಳಗಿನ ಜಾಲದ ಬೆನ್ನೆಲುಬು ಈಥರ್ನೆಟ್ ಮಾದರಿಗೆ, ಅಂದರೆ ಆಫೀಸಿನ ಕಂಪ್ಯೂಟರ್‌ಗಳಂತೆ ಎರಡೂ ಕಡೆ ಮಾಹಿತಿ ಹೋಗಬಲ್ಲ ಜಾಲಕ್ಕೆ ಬದಲಾಯಿತು. ಅದಕ್ಕೇ 2008ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 787ಗೆ ವಿಶೇಷ ಷರತ್ತು ಹಾಕಿತು: ಪ್ರಯಾಣಿಕರ ಕಡೆಯಿಂದ ಹಾರಾಟದ ವ್ಯವಸ್ಥೆಗೆ ಯಾರೂ ಕೈ ಹಾಕಲಾಗದಂತೆ ರಕ್ಷಣೆ ಇದೆ ಎಂದು ತೋರಿಸಬೇಕು. ಇಲ್ಲಿ ಕಾಯುವುದು ಬರೀ ತಂತಿಯಲ್ಲ, ಸಾಫ್ಟ್‌ವೇರ್ ಕೂಡ. ಸಾಫ್ಟ್‌ವೇರ್ ಅಂದಮೇಲೆ ಪರೀಕ್ಷೆ ನಿಲ್ಲಿಸುವ ಹಾಗೇ ಇಲ್ಲ.

ಪ್ರಶ್ನೆ ಕೇಳಿದವರು:
ಒಬ್ಬರು ಸೀಟಿನ ಕೆಳಗಿನ ಪೆಟ್ಟಿಗೆಯಿಂದ ಎಂಜಿನ್‌ಗೇ ಆದೇಶ ಕಳಿಸಿದ್ದರಂತೆ, 2015ರಲ್ಲಿ ಸುದ್ದಿಯಾಗಿತ್ತಲ್ಲ?

ಉತ್ತರ 2:
ಹಾಗೆ ಅವರು ಹೇಳಿದರೆಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೋರ್ಟಿಗೆ ಕೊಟ್ಟ ಅರ್ಜಿಯಲ್ಲಿ ಬರೆದಿತ್ತು, ಅಷ್ಟೇ. ಅದು ನಿಜವಾಗಿ ನಡೆಯಿತು ಎಂದು ಸಾಬೀತಾಗಲಿಲ್ಲ.

ಉತ್ತರ 1:
ನನಗೆ ಸ್ಕ್ರೀನಿಗಿಂತ ಜಾಸ್ತಿ ಚಿಂತೆ ನಮ್ಮ ಮೆಂಟೆನೆನ್ಸ್ ಲ್ಯಾಪ್‌ಟಾಪಿನದು. ಅದು ನೇರವಾಗಿ ವಿಮಾನಕ್ಕೆ ಸಾಫ್ಟ್‌ವೇರ್ ತುಂಬುತ್ತದೆ. ನಾವು ಅದರಲ್ಲಿ ಮೇಲ್ ಕೂಡ ತೆರೆಯುವುದಿಲ್ಲ, ಹೊರಗಿನ ಪೆನ್‌ಡ್ರೈವ್ ಚುಚ್ಚುವುದಿಲ್ಲ, ತುಂಬಿದ ಮೇಲೆ ಆ ಸಾಫ್ಟ್‌ವೇರಿನ ಪಾರ್ಟ್ ನಂಬರ್ ಸ್ಕ್ರೀನಿನಲ್ಲಿ ಓದಿ ಕಾಗದದ ಜೊತೆ ಒಂದೊಂದೇ ಅಂಕಿ ತಾಳೆ ನೋಡುತ್ತೇವೆ.

ಉತ್ತರ 3:
ಪೈಲಟ್ ಕಡೆಯಿಂದ ಒಂದು ಮಾತು. ಈಗ ನಮ್ಮನ್ನು ನಿಜಕ್ಕೂ ಕಾಡುತ್ತಿರುವುದು ಹೊರಗಿನಿಂದ ಬರುವ ಸುಳ್ಳು ಜಿಪಿಎಸ್ ಸಿಗ್ನಲ್. ಯುದ್ಧ ನಡೆಯುವ ಜಾಗಗಳ ಹತ್ತಿರ ಕಾಕ್‌ಪಿಟ್ ಗಡಿಯಾರ ಏಕಾಏಕಿ ಬೇರೆ ಸಮಯ ತೋರಿಸುತ್ತದೆ, ಮ್ಯಾಪಿನಲ್ಲಿ ವಿಮಾನ ಪಕ್ಕಕ್ಕೆ ಜಿಗಿಯುತ್ತದೆ, ಎತ್ತರದಲ್ಲಿ ಹಾರುತ್ತಿರುವಾಗಲೇ ನೆಲ ಹತ್ತಿರ ಬಂತು ಎಂದು ಅಲಾರಂ ಕೂಗುತ್ತದೆ. ಅಂಥ ಕಡೆ ಹೋಗುವ ಮುಂಚೆ ನಾನು ಕೈಗಡಿಯಾರ ಸರಿ ಮಾಡಿಕೊಂಡು, ಜಿಪಿಎಸ್ ಇಲ್ಲದೆಯೂ ದಾರಿ ತೋರಿಸುವ ನೆಲದ ರೇಡಿಯೋ ಬೀಕನ್‌ಗಳನ್ನು ಟ್ಯೂನ್ ಮಾಡಿ ಇಟ್ಟುಕೊಳ್ಳುತ್ತೇನೆ.