ಲಿಥಿಯಂ ಟೈಟನೇಟ್ ಗುಂಡುಗಳು ಕ್ರೂಸಿಬಲ್‌ಗೆ ಕಚ್ಚುತ್ತಿವೆ, ಎಕ್ಸ್‌ಆರ್‌ಡಿಯಲ್ಲಿ ಸ್ಪೈನೆಲ್ ಬರುತ್ತಿದೆ

ಗುಂಡುಪುಡಿ:
ಎಲ್ಲರಿಗೂ ನಮಸ್ಕಾರ. ಫ್ಯೂಷನ್ ಬ್ಲಾಂಕೆಟ್‌ಗೆ (ಫ್ಯೂಷನ್ ರಿಯಾಕ್ಟರ್ ಸುತ್ತ ಟ್ರಿಟಿಯಂ ಇಂಧನ ತಯಾರಾಗುವ ಪದರ) ಬೇಕಾದ ಲಿಥಿಯಂ ಟೈಟನೇಟ್ ಗುಂಡುಗಳನ್ನು ಮಾಡುತ್ತಿದ್ದೇನೆ, ಸುಮಾರು 1 ಮಿ.ಮೀ. ಗಾತ್ರ. ಲಿಥಿಯಂ ಕಾರ್ಬೊನೇಟ್, ಟೈಟಾನಿಯಂ ಡೈಆಕ್ಸೈಡ್ ಎರಡನ್ನೂ ಸಮ ಮೋಲ್ ತೂಗಿ, ಬಾಲ್ ಮಿಲ್‌ನಲ್ಲಿ ಅರೆದು, 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟೆ. ಆಮೇಲೆ ಗುಂಡು ಕಟ್ಟಿ, ಅಲ್ಯೂಮಿನಾ ಕ್ರೂಸಿಬಲ್‌ನಲ್ಲಿ 1150 ಡಿಗ್ರಿಗೆ ಸಿಂಟರ್ ಮಾಡಿದೆ (ಕರಗಿಸದೆ ಬಿಸಿಯಲ್ಲೇ ಕಣಗಳನ್ನು ಬೆಸೆಯುವುದು). ರಂಧ್ರವೇ ಇಲ್ಲದ ವಸ್ತುವಿಗೆ ಹೋಲಿಸಿದರೆ ಸಾಂದ್ರತೆ 94% ಬಂತು. ಆದರೆ ತಳದ ಗುಂಡುಗಳು ಕ್ರೂಸಿಬಲ್‌ಗೆ ಕಚ್ಚಿಕೊಂಡಿವೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ಗುರುತಿಸುವ ಪರೀಕ್ಷೆ) ಸ್ಪೈನೆಲ್, ಅಂದರೆ ಲಿಥಿಯಂ ಕಡಿಮೆ ಇರುವ ಇನ್ನೊಂದು ಟೈಟನೇಟ್ ಕೂಡ ಇದೆ. ತೂಕದಲ್ಲೇ ಎಡವಟ್ಟಾಗಿರಬಹುದಾ?

ಬಿಸಿಕುಲುಮೆ:
ತೂಕವನ್ನು ಪರೀಕ್ಷೆ ಮಾಡುವುದು ಸುಲಭ. 73.89 ಗ್ರಾಂ ಕಾರ್ಬೊನೇಟ್‌ಗೆ 79.87 ಗ್ರಾಂ ಟೈಟಾನಿಯಂ ಡೈಆಕ್ಸೈಡ್ ಸೇರಿಸಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೋಗಿ 109.75 ಗ್ರಾಂ ಉಳಿಯಬೇಕು. ಅಂದರೆ 28.6% ಇಳಿಕೆ. ಇದಕ್ಕಿಂತ ಕಡಿಮೆ ಇಳಿದರೆ ಕಾರ್ಬೊನೇಟ್ ಇನ್ನೂ ಉಳಿದಿದೆ. ಜಾಸ್ತಿ ಇಳಿದರೆ ಪುಡಿಯಲ್ಲಿ ತೇವ ಇತ್ತು, ಇಲ್ಲವೇ ಲಿಥಿಯಂ ಹಾರಿಹೋಗಿದೆ. ಎರಡೂ ಪುಡಿಗಳನ್ನು ಒಣಗಿಸಿಯೇ ತೂಗಿ.

ಎಕ್ಸ್‌ಆರ್‌ಡಿ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ತಾಮ್ರದ ಎಕ್ಸ್‌ರೇ ಟ್ಯೂಬ್‌ನಲ್ಲಿ 18 ಡಿಗ್ರಿ ಕೋನದ (2θ) ಹತ್ತಿರದ ಪೀಕ್ ನಿಮಗೆ ಬೇಕಾದ ಟೈಟನೇಟ್‌ಗೂ ಇದೆ, ಸ್ಪೈನೆಲ್‌ಗೂ ಇದೆ. ಅದೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. 43 ಡಿಗ್ರಿ ಹತ್ತಿರದ ಪೀಕ್‌ನ ಎಡಕ್ಕೆ ಇನ್ನೊಂದು ಭುಜ (ಪೀಕ್‌ಗೆ ಅಂಟಿಕೊಂಡ ಸಣ್ಣ ಉಬ್ಬು) ಎದ್ದಿದೆಯಾ? ಅದು ಸ್ಪೈನೆಲ್‌ನ ಗುರುತು.

ಗುಂಡುಪುಡಿ:
ಇದೆ ಸರ್, ಸ್ಪಷ್ಟವಾಗಿಯೇ ಇದೆ. 800 ಡಿಗ್ರಿಯ ಪುಡಿಯಲ್ಲಿ ಮಾತ್ರ ಇಲ್ಲ. ತೂಕದ ಇಳಿಕೆಯೂ ಸರಿಯಾಗಿದೆ.

ಬಿಸಿಕುಲುಮೆ:
ಹಾಗಾದರೆ ತೂಕದ ತಪ್ಪಲ್ಲ, ಸಿಂಟರ್ ಮಾಡುವಾಗ ಲಿಥಿಯಂ ಕಳೆದುಹೋಗುತ್ತಿದೆ. ಅಷ್ಟು ಬಿಸಿಯಲ್ಲಿ ಮೇಲ್ಮೈಯಿಂದ ಲಿಥಿಯಂ ಆವಿಯಾಗುತ್ತದೆ. ತಳದಲ್ಲಿ ಅಲ್ಯೂಮಿನಾ ಅದನ್ನು ಎಳೆದುಕೊಂಡು ಲಿಥಿಯಂ ಅಲ್ಯುಮಿನೇಟ್ ಆಗುತ್ತದೆ. ಕಚ್ಚಿಕೊಂಡಿರುವುದು ಅದಕ್ಕೇ. ಖಚಿತ ಮಾಡಿಕೊಳ್ಳಬೇಕಾದರೆ ಒಂದು ಹಿಡಿ ಗುಂಡುಗಳ ಹೊರಪದರವನ್ನು ಉಜ್ಜಿ ತೆಗೆಯಿರಿ. ಆ ಪುಡಿಗೂ ಒಳಗಿನ ತಿರುಳಿಗೂ ಬೇರೆ ಬೇರೆ ಎಕ್ಸ್‌ಆರ್‌ಡಿ ಮಾಡಿ. ಸ್ಪೈನೆಲ್ ಹೊರಪದರದಲ್ಲೇ ಜಾಸ್ತಿ ಸಿಗಬೇಕು.

ಕ್ರೂಸಿಬಲ್ ತಳಕ್ಕೆ ಲಿಥಿಯಂ ಟೈಟನೇಟ್ ಪುಡಿಯನ್ನೇ ಹಾಸಿ, ಗುಂಡುಗಳ ಮೇಲೂ ಉದುರಿಸಿ, ಮುಚ್ಚಳ ಹಾಕಿ. ಹಾರುವ ಲಿಥಿಯಂ ಮೊದಲು ಆ ಪುಡಿಯಿಂದ ಹಾರುತ್ತದೆ.

ಇನ್ನೊಂದು ಮಾತು. 94% ಅಂತ ಖುಷಿಪಡಬೇಡಿ! ನ್ಯೂಟ್ರಾನ್ ಬಡಿದು ಲಿಥಿಯಂ-6 (ಲಿಥಿಯಂನ ಹಗುರ ಐಸೊಟೋಪ್) ಒಡೆದಾಗ ಟ್ರಿಟಿಯಂ ಹುಟ್ಟುವುದು ಗುಂಡಿನ ಒಳಗೆ. ಅದು ಹೊರಗೆ ಬಂದು, ಸ್ವಲ್ಪ ಹೈಡ್ರೋಜನ್ ಬೆರೆಸಿದ ಹೀಲಿಯಂ ಜೊತೆ ಹೋಗಬೇಕು. ಅದಕ್ಕೆ ಹೊರಗಿನವರೆಗೂ ತೆರೆದುಕೊಂಡ ರಂಧ್ರಗಳು ಬೇಕು, ಸಣ್ಣ ಕಣಗಳೂ ಬೇಕು. 80ರಿಂದ 90% ಸಾಂದ್ರತೆ ಸಾಕು. ಪುಡಿಯನ್ನು ಇನ್ನೂ ನಯವಾಗಿ ಅರೆದು 1000 ಡಿಗ್ರಿ ಆಸುಪಾಸಿನಲ್ಲಿ ಸಿಂಟರ್ ಮಾಡಿ ನೋಡಿ. ಲಿಥಿಯಂ ನಷ್ಟವೂ ಇಳಿಯುತ್ತದೆ, ರಂಧ್ರಗಳೂ ಉಳಿಯುತ್ತವೆ.

ಗುಂಡುಪುಡಿ:
ಪುಡಿ ಹಾಸಿ 1000 ಡಿಗ್ರಿಗೆ ಹಾಕಿದೆ. ಗುಂಡುಗಳು ಸುಮ್ನೆ ಸುರಿದರೆ ಬೀಳುತ್ತಿವೆ, ಸ್ಪೈನೆಲ್ ಭುಜ ಹೋಗಿದೆ, ಸಾಂದ್ರತೆ 86%. ತುಂಬಾ ಧನ್ಯವಾದ ಸರ್. ಮುಂದೆ ಲಿಥಿಯಂ-6 ಹೆಚ್ಚಿಸಿದ ಕಾರ್ಬೊನೇಟ್ ಬಳಸಿದರೆ ಇದೇ ತೂಕ ನಡೆಯುತ್ತದಾ?

ಹರಳುನೋಟ:
ನಡೆಯುವುದಿಲ್ಲ. ಸಾಮಾನ್ಯ ಲಿಥಿಯಂನಲ್ಲಿ ಲಿಥಿಯಂ-6 ಇರುವುದು ಸುಮಾರು 7.5% ಮಾತ್ರ, 73.89 ಅದರ ಲೆಕ್ಕ. ಪೂರ್ತಿ ಲಿಥಿಯಂ-6 ಆದರೆ ಕಾರ್ಬೊನೇಟ್‌ನ ಮೋಲ್ ತೂಕ 72.04 ಗ್ರಾಂಗೆ ಇಳಿಯುತ್ತದೆ. ಡಬ್ಬಿಯ ಮೇಲಿನ ಶೇಕಡಾವಾರು ನೋಡಿ ಹೊಸದಾಗಿ ಲೆಕ್ಕ ಹಾಕಿ. 28.6% ಅನ್ನೂ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.