ಮಿಸ್ಸೇ ಹಾಗೆ ಕರೆದರೆ ಮಕ್ಕಳಿಗೆ ಏನು ಹೇಳೋದು?

ಪ್ರಶ್ನೆ (ಕುವೆಂಪುನಗರ, ಮೈಸೂರು)
ಮಗಳು ಒಂಬತ್ತನೇ ಕ್ಲಾಸು. ಈ ವರ್ಷ ಅವಳ ಕ್ಲಾಸಿಗೆ ಮಣಿಪುರದ ಹುಡುಗಿಯೊಬ್ಬಳು ಸೇರಿದ್ದಾಳೆ. ಎಲ್ಲರೂ 'ಮೊಮೊ' ಅಂತ ಕರೆಯುತ್ತಾರಂತೆ. ನನ್ನ ಮಗಳೂ ಹಾಗೇ ಕರೆದು ನಕ್ಕಿದ್ದು ಗೊತ್ತಾಗಿ ಬೈದೆ. "ಹಾಜರಿ ಕೂಗುವಾಗ ಮಿಸ್ಸೇ 'ಚೈನಾ' ಅಂತಾರೆ, ಅವರನ್ನ ಬೈಯಲ್ವಾ?" ಅಂದಳು. ನನ್ನ ಬಾಯಿ ಕಟ್ಟಿತು. ಈಗ ಆ ಹುಡುಗಿ ನೋಟ್‌ಬುಕ್ಕಿನ ಲೇಬಲ್ ಮೇಲೆ ತನ್ನ ಹೆಸರು ಹೊಡೆದುಹಾಕಿ 'ಪ್ರಿಯಾ' ಅಂತ ಬರೆದುಕೊಂಡಿದ್ದಾಳಂತೆ. ಶಾಲೆಗೆ ಹೋಗಿ ಮಾತಾಡಲಾ? ಸುಮ್ನೆ ಮಗಳಿಗೆ ತೊಂದರೆ ಆಗುತ್ತಾ?

ಉತ್ತರ 1
ಮಕ್ಕಳಾಟ ಮೇಡಂ. ನನ್ನನ್ನೂ ಸೋಡಾಬುಡ್ಡಿ ಅಂತಿದ್ದರು. ದೊಡ್ಡದು ಮಾಡಬೇಡಿ.

ಉತ್ತರ 2 (ಸಮಾಜ ವಿಜ್ಞಾನ ಮೇಷ್ಟ್ರು, ಮಂಡ್ಯ)
ಸೋಡಾಬುಡ್ಡಿ ಕನ್ನಡಕ ತೆಗೆದಿಟ್ಟರೆ ಮುಗೀತು ಸ್ವಾಮಿ. ಮುಖ ತೆಗೆದಿಡೋಕಾಗುತ್ತಾ? 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ಜೀವ ಹೋಗಿದ್ದು ಕೂದಲಿನ ಬಗ್ಗೆ ಗೇಲಿಯಿಂದ ಶುರುವಾದ ಜಗಳದಲ್ಲಿ. ಆಮೇಲೆ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ, ಈಶಾನ್ಯದ ಚರಿತ್ರೆಯನ್ನು ಪಾಠದಲ್ಲಿ ಸೇರಿಸಿ ಅಂತ ಹೇಳಿತು.

ಪಾಠ ಬೇಕು, ಸರಿ. ಆದರೆ ಸಂವಿಧಾನದ 15ನೇ ವಿಧಿ ನಾನು ಪ್ರತಿ ವರ್ಷ ಮಾಡುತ್ತೇನೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ನೋಡಿ ಭೇದ ಮಾಡಬಾರದು ಅಂತ. ಐದನ್ನೂ ತಪ್ಪಿಲ್ಲದೆ ಬರೆದು ಅಂಕ ತಗೊಳ್ಳುತ್ತಾರೆ. ಗಂಟೆ ಹೊಡೆದ ಮೇಲೆ 'ಲೇ ಕರಿಯ' ಅಂತ ಕೂಗಿಕೊಂಡು ಓಡುತ್ತಾರೆ.

ನಾನೇನು ಸಾಚಾ ಅಲ್ಲ. ವಾರ್ಷಿಕೋತ್ಸವದ ನಾಟಕದಲ್ಲಿ ಕಪ್ಪಗಿದ್ದ ಒಬ್ಬನೇ ಹುಡುಗನಿಗೆ ಎರಡು ವರ್ಷ ರಾಕ್ಷಸನ ಪಾತ್ರ ಕೊಟ್ಟೆ. ಮೂರನೇ ವರ್ಷ ಅವನೇ ಬಂದು, "ಸಾರ್, ಈ ಸಲ ಪರದೆ ಎಳೀತೀನಿ" ಅಂದ. ಮುಖ ನೋಡಲಿಲ್ಲ, ಹಗ್ಗ ಹಿಡಿದುಕೊಂಡೇ ಹೇಳಿದ. ಆವತ್ತು ರಾತ್ರಿ ನನಗೆ ಅನ್ನ ಇಳಿಯಲಿಲ್ಲ.

ನೀವು ಹೋಗಿ. ಜಗಳ ಬೇಡ. ಆ ಹುಡುಗಿಯ ಹೆಸರನ್ನು ಅವಳ ಬಾಯಿಂದಲೇ ಕೇಳಿ, ಕನ್ನಡದಲ್ಲಿ ಬರೆದು ಮಿಸ್ಸಿಗೆ ಕೊಡಿ. ಹಾಜರಿ ಪುಸ್ತಕದಲ್ಲಿ ಅಂಟಿಸಿಕೊಳ್ಳಲಿ.

ಉತ್ತರ 3
ಮಗಳ ಕೈಲೇ ಬರೆಸಿ. ಅವಳೂ ನಕ್ಕಿದ್ದಾಳೆ ಅಲ್ವಾ?

ಪ್ರಶ್ನೆ ಕೇಳಿದವರು
ಮಗಳೇ ಕೇಳಿ ಬರೆದುಕೊಂಡು ಬಂದಳು, ನಾನು ಕೊಟ್ಟು ಬಂದೆ. ಮಿಸ್ಸು "ನಾಲಿಗೆ ಹೊರಳಲ್ಲ ಕಣ್ರೀ" ಅಂದು ಚೀಟಿ ತಗೊಂಡರು. ಸೋಮವಾರ ಕೂಗಿದರಂತೆ, ತಪ್ಪಾಗಿ. ಆ ಹುಡುಗಿ ಎದ್ದು ನಿಂತು ತಿದ್ದಿದಳಂತೆ. ಲೇಬಲ್ ಮೇಲೆ ಇನ್ನೂ 'ಪ್ರಿಯಾ' ಅಂತಲೇ ಇದೆ.