ಪಾಕ ಎಳತಾದ ರಾಕ್ಷಸ

ಏಳು ವರ್ಷದ ಮಗ ರಾಕ್ಷಸರ ಸಿನಿಮಾ ನೋಡಿ ರಾತ್ರಿ ಒಬ್ಬನೇ ಮಲಗಲು ಒಪ್ಪುತ್ತಿಲ್ಲ, ಇಂಥವನ್ನು ಪೂರ್ತಿ ನಿಲ್ಲಿಸಿಬಿಡಬೇಕೇ ಎಂದು ಗುಂಪಿನಲ್ಲಿ ಕೇಳಿದ ತಾಯಿಗೆ ಈ ಉತ್ತರ. ನಿಲ್ಲಿಸಿ ಎಂದು ಇಲ್ಲಿ ಬಹಳ ಮಂದಿ ಹೇಳಿಯಾಗಿದೆ. ನಾನು ಹೇಳುವುದು ತಿರುವುಮುರುವು: ತೋರಿಸಿ, ಆದರೆ ಕೆಟ್ಟದಾಗಿ ತೆಗೆದದ್ದನ್ನೇ ಹುಡುಕಿ ತೋರಿಸಿ. ಕೈಯಲ್ಲಿ ದುಡ್ಡಿಲ್ಲದವರು ತೆಗೆದದ್ದು, ರಾಕ್ಷಸನ ಬೆನ್ನಿನ ಹೊಲಿಗೆ ಕಾಣುವಂಥದ್ದು.

ನಾವಿರುವುದು ಪೆನ್ಸಿಲ್ವೇನಿಯಾದಲ್ಲಿ, ಫೀನಿಕ್ಸ್‌ವಿಲ್ ಎಂಬ ಸಣ್ಣ ಊರಿನ ಹತ್ತಿರ. 1958ರ 'ದಿ ಬ್ಲಾಬ್' ಚಿತ್ರವನ್ನು ಈ ಸುತ್ತಿನಲ್ಲೇ ತೆಗೆದರು. ಆಕಾಶದಿಂದ ಬಿದ್ದ ಕಲ್ಲಿನೊಳಗಿಂದ ಲೋಳೆಯಂಥದ್ದೊಂದು ಹೊರಬಂದು, ಸಿಕ್ಕವರನ್ನೆಲ್ಲ ನುಂಗುತ್ತ, ಕೆಂಪಗಾಗಿ ಊದುತ್ತ ಹೋಗುತ್ತದೆ, ಕಥೆ ಅಷ್ಟೇ. ಆ ಲೋಳೆ ಬಣ್ಣ ಕಲಸಿದ ಸಿಲಿಕೋನ್. ನಿರ್ದೇಶಕರು ಅದಕ್ಕೆ ಮುಂಚೆ ಕ್ರೈಸ್ತ ಧಾರ್ಮಿಕ ಚಿತ್ರಗಳನ್ನು ಮಾಡುತ್ತಿದ್ದವರು. ಹದಿಹರೆಯದ ಹುಡುಗನಾಗಿ ನಟಿಸಿದ ಸ್ಟೀವ್ ಮೆಕ್‌ಕ್ವೀನ್‌ಗೆ ಬಿಡುಗಡೆಯ ಹೊತ್ತಿಗೆ 28 ವರ್ಷ. (ನಡುವಯಸ್ಸಿನ ನಾಯಕರು ಪುಸ್ತಕ ಹಿಡಿದು ಕಾಲೇಜಿಗೆ ಹೋಗುವುದನ್ನು ನೋಡುತ್ತ ಬೆಳೆದ ನಮಗೆ ಇದೇನು ಹೊಸದಲ್ಲ.)

ಪುತ್ತೂರಿನಿಂದ ಅಮ್ಮ ಬಂದಿದ್ದಾಗ ಎಲ್ಲರೂ ಕುಳಿತು ನೋಡಿದೆವು. ಮಗನಿಗೆ ಆಗ ಆರು, ಮಗಳಿಗೆ ಹತ್ತು. ಮಗ ಅಜ್ಜಿಯ ಸೀರೆಯ ಸೆರಗಿನೊಳಗೆ ಅರ್ಧ ಮುಖ ಅಡಗಿಸಿದ್ದ. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಇದೆಂಥ ರಾಕ್ಷಸ? ಹಲ್ವಕ್ಕೆ ಪಾಕ ಎಳತಾಗಿದೆ, ಇನ್ನೂ ತಳ ಬಿಟ್ಟಿಲ್ಲ" ಎಂದರು. ಅಲ್ಲಿಂದ ಆಚೆಗೆ ಮನೆಯಲ್ಲಿ ಆ ಚಿತ್ರದ ಹೆಸರು ಹಲ್ವ. ಮರುದಿನ ಮಕ್ಕಳಿಬ್ಬರೂ ಜೋಳದ ಹಿಟ್ಟಿಗೆ ಕೆಂಪು ಬಣ್ಣ ಕಲಸಿ ಲೆಗೋ ಮನೆಗಳ ಮೇಲೆ ಸುರಿದು ಮೊಬೈಲಿನಲ್ಲಿ ಚಿತ್ರೀಕರಿಸಿದರು. ಕಾರ್ಪೆಟ್ಟಿನ ವಿಷಯ ಬಿಡಿ. ಕೋಟಿಗಟ್ಟಲೆ ಡಾಲರ್ ಸುರಿದು ಕಂಪ್ಯೂಟರಿನಲ್ಲಿ ಮಾಡಿದ ರಾಕ್ಷಸನನ್ನು ನೋಡಿದ ಮಗು ಎದ್ದುಹೋಗಿ ಏನನ್ನಾದರೂ ಕಲಸಿದ್ದನ್ನು ನಾನಂತೂ ಕಂಡಿಲ್ಲ. ಅಲ್ಲಿ ಎಲ್ಲಿಂದ ಹಿಡಿದು ಬಿಚ್ಚಬೇಕೆಂದೇ ತಿಳಿಯುವುದಿಲ್ಲ.

ಹಾಗೆಂದು, ಗುಟ್ಟು ಗೊತ್ತಾದರೆ ಹೆದರಿಕೆ ಹೋಗುತ್ತದೆ ಎಂದು ಭಾವಿಸಬೇಡಿ. ಚಿಕ್ಕಂದಿನಲ್ಲಿ ನನ್ನನ್ನು ಅಪ್ಪ ಆಟ ಶುರುವಾಗುವ ಮೊದಲು ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋಗಿದ್ದರು. ಬಣ್ಣದ ವೇಷದವರು ಕನ್ನಡಿಯ ಮುಂದೆ ಕುಳಿತು, ಅಕ್ಕಿಹಿಟ್ಟು ಸುಣ್ಣ ಕಲಸಿ, ಮುಖದ ಮೇಲೆ ಮುಳ್ಳುಮುಳ್ಳಾಗಿ ಚಿಟ್ಟಿ ಇಡುತ್ತಿದ್ದರು. ನನ್ನನ್ನು ನೋಡಿ ಯಾವ ಕ್ಲಾಸು ಎಂದೂ ಕೇಳಿದರು. ದೇವಿ ಮಹಾತ್ಮೆ ಪ್ರಸಂಗ. ನಡುರಾತ್ರಿ ಕಳೆದ ಮೇಲೆ ಅದೇ ಮನುಷ್ಯ ಕೋಡು ಕಟ್ಟಿಕೊಂಡು ಮಹಿಷಾಸುರನಾಗಿ, ಪ್ರೇಕ್ಷಕರ ಬೆನ್ನ ಹಿಂದಿನಿಂದ, ದೊಂದಿಗಳ ನಡುವೆ ಅಬ್ಬರಿಸುತ್ತ ಬಂದರು. ರಾಳದ ಹುಡಿ ಎರಚಿದಾಗ ಬೆಂಕಿ ಭಗ್ಗೆಂದಿತು. ಎಲ್ಲ ಗೊತ್ತಿದ್ದೂ ನಾನು ಅಪ್ಪನ ಅಂಗಿ ಹರಿಯುವಷ್ಟು ಬಿಗಿಯಾಗಿ ಹಿಡಿದಿದ್ದೆ. ಆ ರುಚಿಯೇ ಬೇರೆ. ಅದನ್ನು ಪೆನ್ಸಿಲ್ವೇನಿಯಾದಲ್ಲಿ ಮಕ್ಕಳಿಗೆ ಹೇಗೆ ಉಣಿಸುವುದು ಎಂದು ತಿಳಿಯದೆ ಕುಳಿತಿದ್ದವನಿಗೆ ಸಿಕ್ಕಿದ್ದು ಈ ಹಲ್ವ.

ರಾಳ ಎಂದ ಕೂಡಲೇ ಇನ್ನೊಂದು ನೆನಪಾಯಿತು. ಜಪಾನಿನ ಗಾಡ್ಜಿಲ್ಲಾ ಕೂಗುತ್ತದಲ್ಲ, 1954ರ ಮೊದಲ ಚಿತ್ರಕ್ಕೆ ಆ ಕೂಗನ್ನು ಮಾಡಿದವರು ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ. ರಾಳ ಹಚ್ಚಿದ ತೊಗಲಿನ ಕೈಗವಸಿನಿಂದ ಡಬಲ್ ಬಾಸ್ ವಾದ್ಯದ ತಂತಿಯನ್ನು ಉಜ್ಜಿ, ಆ ಧ್ವನಿಯನ್ನು ನಿಧಾನಗೊಳಿಸಿದರು. ಇದನ್ನು ಹೇಳಿದ್ದೇ ತಡ, ಮಗಳು ತನ್ನ ವಯಲಿನ್ ರಾಳ ತೆಗೆದು ಚಳಿಗಾಲದ ಕೈಗವಸಿಗೆ ತಿಕ್ಕಿಯೇಬಿಟ್ಟಳು. ಬಂದದ್ದು ಗಾಡ್ಜಿಲ್ಲಾ ಅಲ್ಲ, ಬಾಗಿಲಿಗೆ ಬಾಲ ಸಿಕ್ಕಿದ ಬೆಕ್ಕು. ವಯಲಿನ್ ಗುರುಗಳಿಗೆ ನಾವು ಇನ್ನೂ ಹೇಳಿಲ್ಲ. ಚೌಕಿಯ ರಾಳ, ಅವಳ ಪೆಟ್ಟಿಗೆಯ ರಾಳ ಬೇರೆ ಬೇರೆ ಮರದವು ಇರಬಹುದು. ಊರಿನ ಆಟದ ಕಥೆ ಹೇಳಲು ನನಗೆ ಅಷ್ಟು ನೆಪ ಸಾಕಾಯಿತು. ಆದರೆ ಆ ಮೊದಲ ಗಾಡ್ಜಿಲ್ಲಾ ಚಿತ್ರವನ್ನು ಏಳು ವರ್ಷದವನಿಗೆ ತೋರಿಸಬೇಡಿ. ವೇಷ ತೊಟ್ಟ ಮನುಷ್ಯ ಆಟಿಕೆ ಊರನ್ನು ತುಳಿಯುತ್ತಾನೆ ನಿಜ, ಆದರೆ ಅದು ಅಣುಬಾಂಬಿನ ನೆನಪಿನಿಂದ ಹುಟ್ಟಿದ ದುಃಖದ ಚಿತ್ರ. ನಗಲು ಆಗುವುದಿಲ್ಲ.

ಫೀನಿಕ್ಸ್‌ವಿಲ್‌ನ ಬ್ರಿಜ್ ಸ್ಟ್ರೀಟಿನಲ್ಲಿ 1903ರಲ್ಲಿ ಕಟ್ಟಿದ ಕೊಲೋನಿಯಲ್ ಥಿಯೇಟರ್ ಇದೆ. ಬ್ಲಾಬ್ ಒಳನುಗ್ಗಿದಾಗ ಜನ ಕಿರುಚುತ್ತ ಓಡಿಬರುವ ದೃಶ್ಯವನ್ನು ಅಲ್ಲೇ ತೆಗೆದದ್ದು. 2000ದಿಂದ ಬ್ಲಾಬ್‌ಫೆಸ್ಟ್ ನಡೆಯುತ್ತಿದೆ. ಜುಲೈ ತಿಂಗಳಲ್ಲಿ ಊರವರು ಥಿಯೇಟರಿನೊಳಗೆ ತುಂಬಿಕೊಂಡು, ಮತ್ತೆ ಹಾಗೆಯೇ ಬೊಬ್ಬೆ ಹೊಡೆಯುತ್ತ ಬೀದಿಗೆ ಓಡುತ್ತಾರೆ. ಇಲ್ಲಿಗೆ ಬಂದು ಎಷ್ಟೋ ವರ್ಷ ನಾನು ಈ ಊರಿನ ಹಬ್ಬಗಳಲ್ಲಿ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತವನು, ಯಾವಾಗ ನಗಬೇಕೆಂದು ತಿಳಿಯದವನು. ಇಲ್ಲಿ ಬರಬೇಕಾದದ್ದು ಕಿರುಚಲು ಮಾತ್ರ. ಅಮ್ಮ ಸೀರೆಗೆ ಸ್ನೀಕರ್ಸ್ ಹಾಕಿಕೊಂಡು ಫುಟ್‌ಪಾತಿನಲ್ಲಿ ನಿಂತು ನೋಡಿ, "ನಮ್ಮ ಆಟದಲ್ಲಿ ರಾಕ್ಷಸ ಓಡಿ ಬರುತ್ತಾನೆ, ಇಲ್ಲಿ ಜನವೇ ಓಡುತ್ತಾರೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ಮಗ ಹೆದರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬ್ಲಾಬ್‌ಗೆ ಚಳಿ ತಡೆಯಲು ಆಗುವುದಿಲ್ಲ. ಕೊನೆಗೆ ಅದನ್ನು ಹೆಪ್ಪುಗಟ್ಟಿಸಿ ಉತ್ತರ ಧ್ರುವದ ಕಡೆಗೆ ಸಾಗಿಸುತ್ತಾರೆ. ಅಷ್ಟನ್ನು ಹಿಡಿದುಕೊಂಡ ಇವನು, ಚಿತ್ರ ನೋಡಿದ ರಾತ್ರಿಯಿಂದ ಒಂದು ಬಟ್ಟಲು ಐಸ್ ತುಂಡುಗಳನ್ನು ಹಾಸಿಗೆಯ ಕೆಳಗೆ ಇಟ್ಟು ಮಲಗತೊಡಗಿದ. ಅದೇ ಕೋಣೆಯಲ್ಲಿ ಮಲಗುತ್ತಿದ್ದ ಅಮ್ಮ ಎರಡನೆಯ ರಾತ್ರಿ ಬಚ್ಚಲಿಗೆ ಹೋಗಲು ಎದ್ದು ಅದನ್ನು ಒದ್ದು, ನೀರೆಲ್ಲ ಚೆಲ್ಲಿ, ರಾಕ್ಷಸನಿಗೂ ಮೊಮ್ಮಗನಿಗೂ ಸೇರಿಸಿ ಬೈದರು. ನಾಲ್ಕು ರಾತ್ರಿ ಹೀಗೇ ನಡೆಯಿತು. ಐದನೆಯ ರಾತ್ರಿ ಅವನು ಮರೆತು ನಿದ್ದೆಹೋದ. ದೀಪ ಆರಿಸಲು ಹೋದಾಗ ನೋಡಿದರೆ, ಅಮ್ಮ ಬಗ್ಗಿ ಬಟ್ಟಲನ್ನು ಮಂಚದ ಕೆಳಗೆ ತಳ್ಳುತ್ತಿದ್ದರು.

"ಇರಲಿ, ಯಾವುದಕ್ಕೂ" ಎಂದರು.